ಹೌದು ಅಂದವರ ಹಡಗು

ಹೈದರಾಬಾದಿಗೆ ಸಮುದ್ರ ಇಲ್ಲ. ಇದು ಸಣ್ಣ ಕೂಸಿಗೂ ಗೊತ್ತು. ಆದ್ರ ನಮ್ಮ ಆಫೀಸಿನ್ಯಾಗ ಒಂದೂವರಿ ವರ್ಷ ಇದು ಯಾರಿಗೂ ನೆನಪಿರಲಿಲ್ಲ. ಮಿಯಾಪುರದಾಗ ಮೂರನೇ ಮಾಳಿಗಿ ಮ್ಯಾಲ, ಕಿಟಕಿ ತೆಗೆದ್ರ ಮೆಟ್ರೋ ಕಂಬ ಬಿಟ್ಟು ಬ್ಯಾರೆ ಏನೂ ಕಾಣದ ಖೋಲಿಯೊಳಗ ಕೂತು, ನಾವು ದುಬೈಗೆ ಹಡಗ ಬಿಡೂ ಕೆಲಸ ಮಾಡಿದ್ವಿ. ಗೆಳೆಯನೊಬ್ಬ ನಕ್ಕು, "ರೈಲು ಬಿಡವರನ್ನ ಭಾಳ ಮಂದಿ ನೋಡೀನಿ ಮಾರಾಯ, ಹಡಗ ಬಿಡಾಂವ ನೀ ಒಬ್ಬನ" ಅಂದ. ಅವತ್ತು ಅವನ ಮ್ಯಾಲ ಸಿಟ್ಟು ಬಂತು. ಈಗ ನನ್ನ ಮ್ಯಾಲ ನನಗ ಬರತೈತಿ.

ನಮ್ಮದೇನು ಹಡಗಿನ ಕಂಪನಿ ಅಲ್ಲ. ಯಾವ ದಾರಿಗೆ ಬಸ್ ಹಾಕಿದ್ರ ಮಂದಿ ಹತ್ತತಾರ, ಯಾವ ಚೌಕದಾಗ ಮೇಲ್ಸೇತುವೆ ಕಟ್ಟಿದ್ರ ಉಪಯೋಗ ಆಗತೈತಿ ಅಂತ ಮನಿಮನಿ ಬಾಗಿಲಿಗೆ ಹೋಗಿ ಕೇಳಿ, ಫಾರ್ಮ್ ತುಂಬಿ, ವರದಿ ಬರೆದು ಕೊಡೂ ಸಣ್ಣ ಆಫೀಸು. ನಾ ಅಲ್ಲೆ ಸರ್ವೇ ನೋಡಕೊಳ್ಳಾಂವ. ಒಂದು ದಿನ ಪಶ್ಚಿಮ ಕರಾವಳಿಯ ಬಂದರಿನಿಂದ ದುಬೈಗೆ ಪ್ರಯಾಣಿಕರ ಹಡಗ ಶುರು ಮಾಡಬೇಕು ಅನ್ನೂ ಮನಸ್ಸಿನ ಮಂದಿ ನಮ್ಮ ಸಾಹೇಬರ ಕಡೆ ಬಂದ್ರು. ಹಡಗ ಹಾಕಿದ್ರ ನಡೀತೈತೋ ಇಲ್ಲೋ, ಹತ್ತವರು ಯಾರು, ಎಷ್ಟು ಸಲ ಹತ್ತತಾರ ಅಂತ ಅವರಿಗೆ ತಿಳಿಬೇಕಿತ್ತು. ದುಬೈಗೆ ದುಡಿಯಾಕ ಹೋದವರ ಮನಿ ಹೈದರಾಬಾದಿನ್ಯಾಗ ಓಣಿಗೆ ಹತ್ತು ಸಿಗತಾವ. ಹಂಗಾಗಿ ಸಮುದ್ರ ಇಲ್ಲದ ಊರಿಗೆ ಸಮುದ್ರದ ಕೆಲಸ ಬಂತು.

ಸಾಹೇಬರು ಆ ಕಾಗದ ನನ್ನ ಮೇಜಿನ ಮ್ಯಾಲ ಇಟ್ಟಾಗ ಅದನ್ನ ಎರಡೆರಡು ಸಲ ಓದಿದೆ. ಯಾಕ ಅಂತ ಅವರಿಗೆ ಹೇಳಲಿಲ್ಲ. ಹೇಳಿದ್ರ ಕೆಲಸ ಬ್ಯಾರೆಯವರಿಗೆ ಕೊಟ್ಟುಬಿಡ್ತಿದ್ರು.

ನಮ್ಮ ಅಣ್ಣ ದುಬೈದಾಗ ಅದಾನ. ಸನತ್‌ನಗರದ ಒಂದು ಸಣ್ಣ ಫ್ಯಾಕ್ಟರಿಯೊಳಗ ಫಿಟ್ಟರ್ ಕೆಲಸ ಕಲಿತು, ಮದುವಿಯಾದ ಮರುವರ್ಷನ ಹೋದಾಂವ. ಎರಡು ವರ್ಷಕ್ಕೊಮ್ಮೆ ಒಂದು ತಿಂಗಳ ರಜಾ ಮ್ಯಾಲ ಬರ್ತಿದ್ದ. ಒಂದು ಸಲ ಹಂಗ ಬಂದು ಹೋದ ಸ್ವಲ್ಪ ದಿನಕ್ಕ, ಅಲ್ಲೆ ಕೆಲಸದ ಮ್ಯಾಲಿದ್ದಾಗ ಎದಿ ಹಿಡಕೊಂಡು ಕೂತುಬಿಟ್ಟ. ದವಾಖಾನಿಯವರು ಎದಿ ಫೋಟೋ ತೆಗೆದು ನೋಡಿ, ಶ್ವಾಸಕೋಶದಾಗ ಗಾಳಿ ತುಂಬಿದ ದೊಡ್ಡ ಗುಳ್ಳಿ ಐತಿ, ವಿಮಾನ ಮ್ಯಾಲೇರಿದಂಗ ಅದು ಉಬ್ಬಿ ಒಡೀಬಹುದು, ವಿಮಾನ ಮಾತ್ರ ಹತ್ತಬ್ಯಾಡ ಅಂದ್ರು. ಆಪರೇಷನ್ ಮಾಡಿಸು ಅಂತ ಒಬ್ಬ ಡಾಕ್ಟರ್, ಸುಮ್ಮನ ಮುಟ್ಟಬ್ಯಾಡ ಅಂತ ಇನ್ನೊಬ್ಬ. ಅಣ್ಣಗ ಮೊದಲ ಆಪರೇಷನ್ ಅಂದ್ರ ಎದಿ ಝಲ್ ಅಂತಿತ್ತು. ಕಂಪನಿಯವರು ಒಳ್ಳೇವರು, ಭಾರ ಎತ್ತೂ ಕೆಲಸ ಬಿಡಿಸಿ ಸ್ಟೋರಿನ್ಯಾಗ ಕೂಡ್ರಿಸಿದ್ರು. ನಡೀತಾನ, ಉಣ್ತಾನ, ದುಡೀತಾನ. ಮನಿಗೆ ಬರಾಕ ಮಾತ್ರ ಆಗೂದಿಲ್ಲ. ಎಂಥಾ ದರಿದ್ರ ಬ್ಯಾನಿ ನೋಡ್ರಿ. ಹಡಗಿನ ಕೆಲಸ ನಮ್ಮ ಆಫೀಸಿಗೆ ಬಂದಾಗ ಅಂವ ಮನಿ ಬಾಗಿಲ ನೋಡಿ ಎರಡೂವರಿ ವರ್ಷ ಆಗಿತ್ತು.

ವೈನಿ, ಅಂದ್ರ ಅಣ್ಣನ ಹೆಂಡತಿ, ಸನತ್‌ನಗರದಾಗ ಎರಡು ಖೋಲಿ ಮನ್ಯಾಗ ಒಬ್ಬರ ಇದ್ರು. ಹಗಲು ಔಷಧಿ ಡಬ್ಬಿ ಪ್ಯಾಕ್ ಮಾಡೂ ಫ್ಯಾಕ್ಟರಿಗೆ ಹೋಗ್ತಿದ್ರು. ನನಗೂ ಅವರಿಗೂ ವಯಸ್ಸಿನ್ಯಾಗ ಹೆಚ್ಚುಕಡಿಮಿ ಇಲ್ಲ, ಆದ್ರೂ ಸೊಸಿಯಾಗಿ ಬಂದ ದಿನದಿಂದ ಅವರು ನನಗ 'ರೀ' ಅಂತಾರ, ನಾ ಅವರಿಗೆ 'ರೀ' ಅಂತೀನಿ. ಮಕ್ಕಳಾಗಿಲ್ಲ. ಎರಡು ವರ್ಷಕ್ಕ ಒಂದು ತಿಂಗಳ ಸಂಸಾರ ಮಾಡಿದವರಿಗೆ ಮಕ್ಕಳು ಎಲ್ಲಿಂದ ಬರಬೇಕು? ಆದ್ರೂ ಬೀದರ ಕಡೆಯಿಂದ ಬಂದ ನೆಂಟರು ಪ್ರತಿಸಲ "ಏನರ ವಿಶೇಷ?" ಅಂತ ಕೇಳೂದು ಬಿಡೂದಿಲ್ಲ. ಅವರ ಬಾಯಿಗೆ ಹೊಲಿಗಿ ಹಾಕಬೇಕು ಅನಸತಿತ್ತು ನನಗ. ವೈನಿ ಮಾತ್ರ ನಕ್ಕು, ಚಹಾ ಕೊಟ್ಟು ಕಳಿಸ್ತಿದ್ರು.

ಅಣ್ಣನ್ನ ಕರಕೊಂಡು ಬರಾಕ ನಾ ಹುಡುಕದ ದಾರಿ ಇಲ್ಲ. ಸರಕಿನ ಹಡಗಿನವರನ್ನ ಕೇಳಿದೆ, ಮನಷ್ಯಾರನ್ನ ಹತ್ತಿಸಿಕೊಳ್ಳೂದಿಲ್ಲ ಅಂದ್ರು. ನೆಲದ ಮ್ಯಾಲಿನ ದಾರಿ ನೋಡಿದೆ. ನಡುವ ಯಾವ ಯಾವ ದೇಶ, ಯಾವ ಯಾವ ಗಡಿ! ನಕಾಶಿ ಮಡಚಿ ಇಟ್ಟೆ. ಈಗ ನೋಡಿದ್ರ ಹಡಗ ತಾನಾಗೇ ಬಂದು ನನ್ನ ಮೇಜಿನ ಮ್ಯಾಲ ಕೂತಿತ್ತು. ಅವತ್ತು ಆಫೀಸು ಬಿಟ್ಟಾಂವ ಮನಿಗೆ ಹೋಗದ ಸೀದಾ ಸನತ್‌ನಗರಕ್ಕ ಹೋದೆ.

"ವೈನಿ, ಹಡಗ ಬರತೈತ್ರಿ" ಅಂದೆ.

ರೊಟ್ಟಿ ಬಡಿಯಾಕತ್ತಿದ್ದ ವೈನಿ ಕೈ ನಿಲ್ಲಿಸಿ ನನ್ನ ಮಾರಿ ನೋಡಿದ್ರು. "ಖರೇನ?"

"ಖರೇನ. ನಾನ ತರಾಕತ್ತೀನಿ."

ವೈನಿ ಏನೋ ಹೇಳಾಕ ಬಾಯಿ ತೆಗೆದು ಸುಮ್ಮನಾದ್ರು. ಸಂತೋಷಕ್ಕ ಮಾತು ಹೊಂಟಿಲ್ಲ ಅಂತ ನಾ ತಿಳಕೊಂಡೆ. ಅಲ್ಲೆ ಕೂತು ಅಣ್ಣಗ ಫೋನ್ ಹಚ್ಚಿ ಅವನಿಗೂ ಅದ ಹೇಳಿದೆ. ಹೇಳೂದೇನು, ಕೊಚ್ಚಿಕೊಂಡೆ. ಬಿಸಿ ರೊಟ್ಟಿ ಪಲ್ಯ ಉಂಡು ಹೊಟ್ಟಿ ತುಂಬಾ ಸಮಾಧಾನ ತುಂಬಿಕೊಂಡು ಮನಿಗೆ ಹೋದೆ.

ಇನ್ನ ಆ ಫಾರ್ಮಿನ ಕಥಿ ಕೇಳ್ರಿ. ನಾಲ್ಕು ಪುಟದ ಫಾರ್ಮು. ಮನ್ಯಾಗ ದುಬೈಗೆ ಹೋದವರು ಯಾರು, ಎಷ್ಟು ವರ್ಷಾತು, ಬರಬೇಕಾದ್ರ ಎಷ್ಟು ಸಾಮಾನ ತರ್ತಾರ, ಹಡಗಿನ್ಯಾಗ ಮಲಗಾಕ ಜಾಗ ಬೇಕೋ ಕೂಡ್ರಾಕ ಕುರ್ಚಿ ಸಾಕೋ, ಹಿಂಗ. ಎಲ್ಲಾದಕ್ಕೂ ಬೇರು ಒಂದ ಪ್ರಶ್ನೆ: "ಮುಂದಿನ ರಜಾಕ್ಕ ನಿಮ್ಮ ಮನಿಯವರು ಹಡಗಿನ್ಯಾಗ ಬರ್ತಾರೇನು?" ಉತ್ತರಕ್ಕ ನಾ ಮೂರು ಚೌಕ ಹಾಕಿದ್ದೆ: ಹೌದು, ಇಲ್ಲ, ಗೊತ್ತಿಲ್ಲ. ಸಾಹೇಬರು ಮೂರನೇದಕ್ಕ ಕೆಂಪು ಗೀಟು ಎಳೆದ್ರು. "ಗೊತ್ತಿಲ್ಲ ಅಂತ ಇಟ್ಟರ ಎಲ್ಲಾರೂ ಅದನ್ನ ಹೇಳ್ತಾರ, ತೆಗಿ" ಅಂದ್ರು. ತೆಗೆದೆ.

ನಾನೂ ನಾಲ್ಕು ಮಂದಿ ಸರ್ವೇದವರೂ ಬಿಸಿಲು ನೆತ್ತಿ ಸುಡೂ ದಿನದಾಗ ಮನಿಮನಿ ತಿರುಗಿದ್ವಿ. ದುಬೈಗೆ ಹೋದವನ ಮನ್ಯಾಗ ಬಾಗಿಲ ತೆಗೆಯೂದು ಅವನ ಹೆಂಡತಿ, ಇಲ್ಲಾ ಅವ್ವ. ಸನತ್‌ನಗರದ ಕನ್ನಡದವರ ಮನ್ಯಾಗ ಕೇಳಿದ್ರ, "ಬರ್ತಾರ್ರಿ, ಯಾಕ ಬರೂದಿಲ್ಲ? ಬರ್ಕೊಳ್ರಿ." ತೆಲುಗರ ಮನ್ಯಾಗ, "ವಸ್ತಾರಂಡಿ, ತಪ್ಪಕುಂಡಾ ವಸ್ತಾರು," ತಪ್ಪದ ಬರ್ತಾರ ಅಂತ. ಹಳೇ ಶಹರಕ್ಕ ಹೋದ್ರ ಪರದೆ ಹಿಂದಿನಿಂದ, "ಇನ್‌ಶಾ ಅಲ್ಲಾ, ಆಯೇಂಗೇ." ನಾವು ಮೂರಕ್ಕೂ 'ಹೌದು' ಚೌಕದಾಗ ಗುರುತು ಹಾಕಿದ್ವಿ. ಒಬ್ಬಾಕಿ ಮುದುಕಿ ನನ್ನ ಕೈಯಾಗ ಸಕ್ಕರಿ ಇಟ್ಟು, ಒಳ್ಳೆ ಸುದ್ದಿ ತಂದಿ ತಮ್ಮಾ, ಬಾಯಿ ಸಿಹಿ ಮಾಡ್ಕೋ ಅಂದಳು. ನಾ ಸಕ್ಕರಿ ತಿಂದು ಮುಂದಿನ ಮನಿಗೆ ಹೋದೆ.

ವೈನಿ ಮನಿದೂ ಒಂದು ಫಾರ್ಮ್ ತುಂಬಿದೆ. ಸಂಬಂಧಿಕರದು ತುಂಬಬಾರದು ಅಂತ ನಿಯಮ ಇತ್ತು, ಗಾಳಿಗೆ ತೂರಿದೆ. ವೈನಿ ಚಾಪಿ ಮ್ಯಾಲ ಕೂತು ಎಲ್ಲಾದಕ್ಕೂ ಉತ್ತರ ಹೇಳಿದ್ರು. ಅಣ್ಣ ಹಡಗಿನ್ಯಾಗ ಬರ್ತಾನೇನು ಅಂದಾಗ, "ಹೌದು ಅಂತ ಬರೀರಿ" ಅಂದ್ರು. ಕಡೀಗೆ ಸಹಿ ಮಾಡೂ ಮುಂಚೆ ಪುಟ ಹಿಂದಮುಂದ ತಿರುವಿ, "ಇದರಾಗ ನನಗ ಕೇಳೂದು ಏನೂ ಇಲ್ಲೇನ್ರಿ?" ಅಂದ್ರು.

"ಇಷ್ಟೊತ್ತು ಯಾರಿಗೆ ಕೇಳಿದೆ ಮತ್ತ? ಉತ್ತರ ಹೇಳಿದವರು ನೀವ ಅಲ್ಲೇನ್ರಿ ವೈನಿ" ಅಂತ ನಕ್ಕೆ. ಅವರೂ ನಕ್ಕು ಸಹಿ ಮಾಡಿದ್ರು.

ಫಾರ್ಮ್ ಎಲ್ಲಾ ಕೂಡಿಸಿದ ದಿನ ಸಾಹೇಬರು ಕುಣಿಯೂದೊಂದು ಬಾಕಿ. 'ಇಲ್ಲ' ಅಂದವರು ಬೆರಳ ಮ್ಯಾಲ ಎಣಿಸೂವಷ್ಟು. ಒಂದು ಹಡಗ ಸಾಲೂದಿಲ್ಲ, ಎರಡು ಬೇಕಾಗತಾವ ಅಂತ ಉಸ್ಮಾನಿಯಾ ಬಿಸ್ಕೀಟು ತರಿಸಿ ಎಲ್ಲಾರಿಗೂ ಹಂಚಿದ್ರು. ಮೊದಲಿನ ವರದಿ ಹೋತು. ಹಡಗಿನ ಮಂದಿನೂ ಖುಷಿಯಾದ್ರು, ಹಡಗ ನೋಡಾಕತ್ತೀವಿ ಅಂದ್ರು, ಪರವಾನಿಗಿಗೆ ಅರ್ಜಿ ಕೊಟ್ಟೀವಿ ಅಂದ್ರು. ಮುಂದ ಶುರುವಾತು ನೋಡ್ರಿ ಕಾಯೂದು. ಬಂದರಿನ ಒಪ್ಪಿಗಿ, ಈ ದೇಶದ ಒಪ್ಪಿಗಿ, ಆ ದೇಶದ ಒಪ್ಪಿಗಿ. ಈ ತಿಂಗಳ ಅಂದ್ರ ಮುಂದಿನ ತಿಂಗಳ, ಮುಂದಿನ ತಿಂಗಳ ಅಂದ್ರ ಹಬ್ಬ ಮುಗೀಲಿ. ನಾ ಪ್ರತಿಸಲ ವೈನಿ ಮುಂದ ಹೋಗಿ, "ಇನ್ನೇನು ಬಂದಂಗ" ಅಂತಿದ್ದೆ. ಬಾಯಿಗೆ ಬಂದದ್ದು ಹೇಳೂದಕ್ಕ ನನಗೇನು ನಾಚಿಕಿ ಇತ್ತು?

ಒಂದು ರವಿವಾರ ವೈನಿ ಸುಲ್ತಾನ್ ಬಜಾರಕ್ಕ ಹೊಂಟಿದ್ರು, ನಾನೂ ಹೋದೆ. ಆ ಗದ್ದಲದಾಗ ಅಂಗಡಿಯಿಂದ ಅಂಗಡಿಗೆ ತಿರುಗಿ ಅಣ್ಣಗ ಎರಡು ಲುಂಗಿ, ಒಂದು ಚಾದರ ತಗೊಂಡ್ರು. ಆಮ್ಯಾಲ ಉಣ್ಣಿ ಮಫ್ಲರ್ ಕೈಯಾಗ ಹಿಡಕೊಂಡು, "ಹಡಗಿನ್ಯಾಗ ಗಾಳಿ ಜೋರ ಇರತೈತೇನ್ರಿ? ಎದಿಗೆ ಥಂಡಿ ಹತ್ತಬಾರದು ಅವರಿಗೆ" ಅಂದ್ರು. ನಾ ಜನ್ಮದಾಗ ಹಡಗ ಹತ್ತಿದಾಂವ ಅಲ್ಲ. ಹುಸೇನಸಾಗರದ ದೋಣಿ ಬಿಟ್ರ ನೀರಿನ ಮ್ಯಾಲ ಕಾಲಿಟ್ಟಾಂವ ಅಲ್ಲ. ಆದ್ರೂ ದೊಡ್ಡ ಕಪ್ತಾನನಂಗ, "ಮ್ಯಾಲ ನಿಂತ್ರ ಗಾಳಿ, ಒಳಗ ಕೂತ್ರ ಏನೂ ಇಲ್ಲ" ಅಂದೆ. ವೈನಿ ಮಫ್ಲರ್ ತಗೊಂಡ್ರು. ಯಾರರ ದುಬೈಗೆ ಹೊಂಟ್ರ ಕಳಸೋಣ ಅಂತ ಟ್ರಂಕಿನ್ಯಾಗ ಇಟ್ರು.

ಎಲ್ಲಾ ಕೆಟ್ಟದ್ದು ನೀರಿನ ಟ್ಯಾಂಕರಿನ ಮುಂದ. ಅವತ್ತು ವೈನಿ ಓಣ್ಯಾಗ ಟ್ಯಾಂಕರ್ ಬಂದಿತ್ತು, ನಾ ಅವರ ಕೊಡ ಹಿಡಕೊಂಡು ಪಾಳಿಯೊಳಗ ನಿಂತಿದ್ದೆ. ನನ್ನ ಮುಂದ ಅವರ ಬಾಜೂ ಮನಿ ಹೆಣ್ಣಮಗಳು. ಕಲಬುರಗಿ ಕಡೆಯಾಕಿ. ಆಕಿ ಫಾರ್ಮ್ ನಾನ ನನ್ನ ಕೈಯಾರೆ ತುಂಬಿದ್ದೆ, ದೊಡ್ಡ 'ಹೌದು'. ಆಕಿ ಗಂಡ ಹಿಂದಿನ ದಿನ ರಜಾಕ್ಕ ಬಂದಿದ್ದ.

"ಯಜಮಾನರು ಬಂದಾರಂತಲ್ಲ ಅಕ್ಕಾರ" ಅಂದೆ. "ಮುಂದಿನ ಸಲ ಹಡಗಿನ್ಯಾಗ ಬರೂದಲ್ಲ?"

ಆಕಿ ಹೌಹಾರಿದಳು. "ಹಡಗಿನ್ಯಾಗ? ಹುಚ್ಚ ಹಿಡಿದೈತೇನು ಅವರಿಗೆ? ನಾಲ್ಕು ತಾಸಿಗೆ ಮುಟ್ಟಿಸೂ ವಿಮಾನ ಬಿಟ್ಟು ಹಡಗ ಯಾಕ ಹತ್ತತಾರ್ರಿ?"

"ಮತ್ತ ಅವತ್ತು ಬರ್ತಾರ ಅಂದ್ರಿ? ನಾ ಬರಕೊಂಡೆ. ನೀವು ಸಹಿ ಮಾಡಿದ್ರಿ."

"ನೀವು ಕೇಳಿದ್ದು ಹೆಂಗ? ಮನಿಯವರು ಬರ್ತಾರೇನು ಅಂತ ಕೇಳಿದ್ರಿ. ದೂರ ದೇಶದಾಗ ಗಂಡನ್ನ ಬಿಟ್ಟು ಕೂತಾಕಿ ನಾ. ತುಂಬಿದ ಸಂಜಿಯೊಳಗ, ಹೊಸ್ತಿಲ ಮ್ಯಾಲ ನಿಂತು, ಗಂಡ ಬರೂದಿಲ್ಲ ಅಂತ ಬಾಯಿಲೆ ಹೇಳಲೇನು? ಬಿಡ್ತು ಅನ್ರಿ ಮೊದಲ!"

"ಬಿಡ್ತು" ಅಂದೆ. ಆಕಿ ಕೊಡ ತುಂಬಿ ನೀರು ಹೊರಗ ಚೆಲ್ಲಿ ನನ್ನ ಕಾಲು ತೊಯ್ದದ್ದು ಗೊತ್ತಾಗಲಿಲ್ಲ.

ಆಕಿ ಗಂಡ ಕೊಡ ಎತ್ತಾಕ ಬಂದಾಂವ ನಮ್ಮ ಮಾತು ಕೇಳಿಸಿಕೊಂಡು ನಿಂತ. "ಅಣ್ಣಾರ, ನನಗ ರಜಾ ಮೂವತ್ತು ದಿನ. ಇಲ್ಲಿಂದ ಬಂದರಿಗೆ ರೈಲು, ಅಲ್ಲಿಂದ ಹಡಗ. ಹೋಗೂದು ಬರೂದು ಕೂಡಿ ಒಂಬತ್ತು ದಿನ ದಾರ್ಯಾಗ ಕಳದ್ರ ನಾ ಮನ್ಯಾಗ ಇರೂದು ಯಾವಾಗ?" ಅಂದ. ಎಷ್ಟು ಸೀದಾ ಮಾತು! ನಾಲ್ಕು ಪುಟದ ಫಾರ್ಮಿನ್ಯಾಗ ಇದನ್ನ ಕೇಳಬೇಕು ಅಂತ ನನಗ ಹೊಳದಿರಲಿಲ್ಲ. ಥೂ ನನ್ನ ಶ್ಯಾಣ್ಯಾತನಕ್ಕಿಷ್ಟು.

ಆಮ್ಯಾಲ ಒಂದೊಂದ ಮನಿ ನೆನಪು ಮಾಡಿಕೊಂಡೆ. ನಮ್ಮ ಕಡೆ ಯಾರರ ಮನಿ ಬಿಟ್ಟು ಹೊಂಟಾಗ ಎಲ್ಲಿಗೆ ಅಂತ ಕೇಳೂದಿಲ್ಲ. ಹೋದವರ ಬಗ್ಗೆ ಬರೂದಿಲ್ಲ ಅನ್ನೂದಿಲ್ಲ. ಇದು ನನಗ ಗೊತ್ತಿಲ್ಲದ್ದೇನು? ನಮ್ಮ ಅವ್ವ ಹಿಂಗ ಬೆಳಿಸ್ಯಾಳ ನನ್ನ. ತೆಲುಗಿನಾಕಿ 'ತಪ್ಪಕುಂಡಾ' ಅಂದದ್ದೂ ಅದ, ಪರದೆ ಹಿಂದಿನಾಕಿ 'ಇನ್‌ಶಾ ಅಲ್ಲಾ' ಅಂದದ್ದೂ ಅದ, ಮುದುಕಿ ಸಕ್ಕರಿ ಇಟ್ಟದ್ದೂ ಅದಕ್ಕ. ಅವರು ಯಾರೂ ಹಡಗಿಗೆ ಹೌದು ಅಂದಿದ್ದಿಲ್ಲ. ತಮ್ಮ ಮನಷ್ಯಾ ಮನಿಗೆ ಬರೂದಕ್ಕ ಹೌದು ಅಂದಿದ್ರು. ನಾವು ಅದನ್ನ ಗೀಟು ಹಾಕಿ ಕೂಡಿಸಿ ಎರಡು ಹಡಗ ತುಂಬಿಸಿದ್ವಿ.

ಮರುದಿನ ಸಾಹೇಬರ ಮುಂದ ಹೋಗಿ ನಿಂತು ಹೇಳಿದೆ. ಅವರು ಕುರ್ಚಿ ಹಿಂದಕ್ಕ ಒರಗಿ, "ಅರೇ ಭಾಯಿ, ಲೋಗಾಂ ಹಾಂ ಬೋಲೇ, ಹಮ್ ಹಾಂ ಲಿಖೇ. ಖಲಾಸ್" ಅಂದ್ರು. ಮಂದಿ ಹೌದು ಅಂದ್ರು, ನಾವು ಹೌದು ಬರದ್ವಿ, ಮುಗೀತು ಅನ್ನೂದು ಅವರ ಮಾತು. ಕೇಳಿದ್ದು ತಪ್ಪಾಗೈತಿ ಸರ್ ಅಂದೆ. ಕೇಳಿದ್ದು ನೀನ ಅಲ್ಲೇನು ಅಂದ್ರು. ಫಾರ್ಮಿನ ಕಟ್ಟು ಎತ್ತಿಕೊಂಡು ಹೊರಗ ಬಂದೆ.

ಬಾಯಿ ಮುಚ್ಚಿಕೊಂಡು ಕೂತಿದ್ರ ಆಗಿತ್ತು. ಯಾರಿಗೂ ಗೊತ್ತಾಗ್ತಿರಲಿಲ್ಲ. ಹಡಗ ಬರ್ತಿತ್ತು, ಅಣ್ಣ ಬರ್ತಿದ್ದ. ನನಗ ಬೇಕಾದದ್ದೂ ಅದ ಅಲ್ಲೇನು? ಹತ್ತು ದಿನ ಹಂಗ ಕೂತೆ. ಮನ್ಯಾಗ ಹೆಂಡತಿ ಮ್ಯಾಲ ಸಿಡಿಮಿಡಿ, ಆಫೀಸಿನ್ಯಾಗ ಪ್ಯೂನನ ಮ್ಯಾಲ ಸಿಡಿಮಿಡಿ, ಮೆಟ್ರೋದಾಗ ಕಾಲು ತುಳಿದವನ ಜೋಡಿ ಜಗಳ. ಆದ್ರ ತಲಿಯೊಳಗ ಒಂದ ಲೆಕ್ಕ ತಿರಗತಿತ್ತು. ಹತ್ತವರು ಇಲ್ಲದ ಹಡಗ ಎಷ್ಟು ಸಲ ಓಡೀತು? ಅಣ್ಣ ಅದರಾಗ ಇಲ್ಲಿಗೆ ಬಂದು ಮುಟ್ಟಿ, ಅಷ್ಟರಾಗ ಹಡಗ ನಿಂತುಬಿಟ್ರ? ತಿರುಗಿ ಹೋಗಾಕ ದಾರಿ ಇಲ್ಲ. ಎದಿಯೊಳಗ ಗುಳ್ಳಿ ಇಟ್ಟುಕೊಂಡಾಂವಗ ಕರುಣೆ ತೋರಿಸಿ ಕೂಡ್ರಿಸಿದ ಸ್ಟೋರಿನ ಕೆಲಸ ಹೋತು ಅಂದ್ರ ಇಲ್ಲೆ ಯಾರು ಕರದು ಕೆಲಸ ಕೊಡ್ತಾರ? ಅವನ್ನ ಮನಿಗೆ ತರೂ ಹುರುಪಿನ್ಯಾಗ ಅವನ್ನ ಬೀದಿಗೆ ತರಾಕ ಹೊಂಟಿದ್ದೆ.

ಕಡೀಗೆ ಸಾಹೇಬರಿಗೂ ಹೇಳದ, ವಾರದ ಸೂಟಿ ದಿನ ಹಿಡಿದು, ಸೀದಾ ದುಬೈದಾಗ ಇದ್ದ ಗಂಡಸರಿಗೇ ಫೋನ್ ಹಚ್ಚಿದೆ. ಈ ಸಲ ಬರ್ತೀರೇನು ಅಂತ ಕೇಳಲಿಲ್ಲ. ನಿಮಗ ರಜಾ ಎಷ್ಟು ದಿನ, ಅದರಾಗ ಎಷ್ಟು ದಿನ ನೀರಿಗೆ ಕೊಡ್ತೀರಿ, ಇಷ್ಟ ಕೇಳಿದೆ. ಕೆಲವರು ನಕ್ರು. ಒಬ್ಬಾಂವ ಒಂದು ದಿನಾನೂ ಕೊಡೂದಿಲ್ಲ ಅಂದು ಫೋನ್ ಇಟ್ಟ. ಇನ್ನೊಬ್ಬಾಂವ, ಭಾಳ ಸಣ್ಣ ದನಿಯಾಗ, "ಹೋದ ವರ್ಷ ನಮ್ಮ ಅವ್ವ ತೀರಿಕೊಂಡಾಗ ವಿಮಾನ ಹತ್ತಿ ಮಣ್ಣಿಗೆ ಮುಟ್ಟಿದೆ. ಹಡಗ ಹತ್ತಿದ್ರ ಅವ್ವನ ಮಾರಿ ಎಲ್ಲಿ ಸಿಗತಿತ್ರಿ?" ಅಂದ. ಅವನ ಹೆಸರಿನ ಮುಂದ 'ಇಲ್ಲ' ಅಂತ ಬರಕೊಂಡೆ. ಅಣ್ಣಗ ಮಾತ್ರ ಫೋನ್ ಹಚ್ಚಲಿಲ್ಲ. ಅಷ್ಟು ಫಾರ್ಮಿನ್ಯಾಗ ಗಟ್ಟಿ ಉಳಿದ 'ಹೌದು' ನಮ್ಮ ಮನಿದೊಂದ. ಒಂದು ಮನಿ ಸಲುವಾಗಿ ಯಾರು ಹಡಗ ಬಿಡ್ತಾರ?

ವರದಿ ಹೊಸದಾಗಿ ಬರದೆ. ಸದ್ಯಕ್ಕ ಈ ಹಡಗ ನಡೆಯೂವಂಥದಲ್ಲ ಅಂತ ಕಡೀ ಸಾಲು. ನಾನ ತರಾಕತ್ತೀನಿ ಅಂದಾಂವ ನಾನ ಮುಳುಗಿಸಿದೆ, ಅದೂ ನನ್ನ ಕೈಬರಹದಾಗ. ಸಾಹೇಬರು ಓದಿ ಪೆನ್ನು ಮೇಜಿನ ಮ್ಯಾಲ ಒಗೆದ್ರು, ಬಾಯಿಗೆ ಬಂದಂಗ ಬೈದ್ರು. ಆದ್ರ ಮನಷ್ಯಾ ಕೆಟ್ಟಾಂವ ಅಲ್ಲ. ಎರಡು ದಿನ ಇಟ್ಟುಕೊಂಡು, ಮೂರನೇ ದಿನ ಸಹಿ ಹಾಕಿ ಕಳಿಸಿದ್ರು. ಹಡಗಿನ ಮಂದಿ ಓದಿ, ಉಪಕಾರ ಆತು ಅಂದ್ರಂತ. ಅಲ್ಲಿಗೆ ಹಡಗಿನ ಮಾತು ಮುಗೀತು.

ವೈನಿಗೆ ಹೇಳಬೇಕಲ್ಲ. ಒಂದು ವಾರ ಆ ಕಡೆ ಹಾಯಲಿಲ್ಲ. ಆಮ್ಯಾಲ ಒಂದು ರವಿವಾರ ಮುಂಜಾನೆ ಹೋದೆ. ವೈನಿ ಒಗೆದ ಬಟ್ಟಿ ಮಡಚಾಕತ್ತಿದ್ರು. ನಿಂತಲ್ಲೇ ನಿಂತು ಎಲ್ಲಾ ಹೇಳಿಬಿಟ್ಟೆ, ಟ್ಯಾಂಕರಿನಿಂದ ಹಿಡಿದು ಕಡೀ ಸಾಲಿನ ತನಕ. ವೈನಿ ಅಳಲಿಲ್ಲ. ಅವರು ಅತ್ತಿದ್ರ ನನಗ ಹಗುರಾಗತಿತ್ತು. ಅವರು ಸುಮ್ಮನ ಇದ್ದದ್ದು ನೋಡಿ ನಾನ ಕೂಗಾಡಾಕ ಶುರು ಮಾಡಿದೆ. ಸಾಹೇಬಗ ಬೈದೆ, ಫಾರ್ಮಿಗೆ ಬೈದೆ, ಊರಿನ ಹೆಣ್ಣಮಕ್ಕಳಿಗೆಲ್ಲಾ ಬೈದೆ. "ಹೌದು ಹೌದು ಅಂತ ಅಂದು ಎಲ್ಲಾರೂ ಕೂಡಿ ಕುತ್ತಿಗಿ ಕೊಯ್ದ್ರು ವೈನಿ. ಒಬ್ಬಾಕಿಯರ ಖರೆ ಹೇಳಿದ್ರ ಏನಾಗತಿತ್ತು ಇವರಿಗೆ?"

"ಅವರಿಗೆ ಯಾಕ ಬೈತೀರಿ?" ಅಂದ್ರು ವೈನಿ. "ಕೇಳಿದ್ದಕ್ಕ ಉತ್ತರ ಹೇಳ್ಯಾರ."

ಎದ್ದು ಒಳಗ ಹೋದ್ರು. ಟ್ರಂಕು ತೆಗೆದ ಸಪ್ಪಳ ಕೇಳಿಸಿತು. ಹೊರಗ ಬಂದು ನನ್ನ ಕೈಯಾಗ ಒಂದು ನೀಲಿ ಪುಸ್ತಕ ಇಟ್ರು. ಪಾಸ್‌ಪೋರ್ಟು. ತೆಗೆದು ನೋಡಿದೆ, ವೈನಿದು. ಮಾಡಿಸಿ ಎರಡು ವರ್ಷ ಆಗಿತ್ತು.

"ಇದು ಯಾವಾಗ ಮಾಡಿಸಿದ್ರಿ?"

"ನೀವು ಹಡಗಿನ ಸುದ್ದಿ ತರೂ ಆರು ತಿಂಗಳ ಮೊದಲ. ನಮ್ಮ ಫ್ಯಾಕ್ಟರಿಯಾಗ ಒಬ್ಬಾಕಿ ಹಿಂಗ ಒಂದು ತಿಂಗಳ ವೀಸಾ ಮ್ಯಾಲ ಹೋಗಿ ಗಂಡನ್ನ ನೋಡಿ ಬಂದಳು. ನಾನೂ ಬರ್ತೀನಿ ಅಂತ ನಿಮ್ಮ ಅಣ್ಣಗ ಹೇಳಿದೆ. ಅವರು ಇಬ್ಬರಿಗೆ ಇರೂವಂಥ ಖೋಲಿ ನೋಡಾಕತ್ತಿದ್ರು. ನೀವು ಬಂದಿರಲ್ಲ, ರೊಟ್ಟಿ ಮಾಡೂ ಹೊತ್ತಿಗೆ, ಅವತ್ತ ಅವರಿಗೆ ಖೋಲಿ ಸಿಕ್ಕಿತ್ತು. ನೀವು ಫೋನಿನ್ಯಾಗ ಹಡಗ ತರಾಕತ್ತೀನಿ ಅಂದ್ರಿ. ಮರುದಿನ ಅವರು, ತಮ್ಮ ಇಷ್ಟು ಬಡಿದಾಡಾಕತ್ತಾನ, ನಾನ ಬರ್ತೀನಿ, ನೀ ಒಬ್ಬಾಕಿ ಯಾಕ ಅಷ್ಟು ದೂರ, ತಡಿ ಅಂದ್ರು. ತಡದೆ."

ಅವರು ಬಾಯಿ ತೆಗೆದು ಸುಮ್ಮನಾದದ್ದು ನೆನಪಾತು. ನೆಲ ಬಾಯಿ ಬಿಟ್ಟಿದ್ರ ಒಳಗ ಹೋಗ್ತಿದ್ದೆ.

"ನನಗ ಒಂದು ಮಾತು ಹೇಳಬೇಕಿಲ್ಲೇನ್ರಿ ವೈನಿ?"

"ನೀವು ಕೇಳಿದ್ರೇನು?" ಅವರ ದನಿ ಏರಲಿಲ್ಲ. ಅದ ನನಗ ಹೆಚ್ಚು ಚುಚ್ಚಿತು. "ನಾಲ್ಕು ಪುಟ ಕೇಳಿದ್ರಿ. ಅವರು ಬರ್ತಾರೇನು, ಯಾವಾಗ ಬರ್ತಾರ, ಏನು ಹೊತ್ತುಕೊಂಡು ಬರ್ತಾರ. ನೀ ಹೋಗ್ತೀಯೇನು ಅಂತ ಒಂದು ಸಾಲು ಇತ್ತೇನು? ನನಗ ಕೇಳೂದು ಏನೂ ಇಲ್ಲೇನು ಅಂತ ನಾನ ಬಾಯಿಬಿಟ್ಟು ಕೇಳಿದೆ, ನಕ್ಕಿರಿ. ಗುಳ್ಳಿ ಇರೂದು ಅವರ ಎದಿಯೊಳಗ. ನನ್ನ ಎದಿಯೊಳಗ ಇಲ್ಲಲ್ರಿ."

ನಾ ಅಲ್ಲೇ ಚಾಪಿ ಮ್ಯಾಲ ಕೂತುಬಿಟ್ಟೆ. ಊರೆಲ್ಲಾ ತಿರುಗಿ ಅಷ್ಟು ಬಾಗಿಲು ಬಡಿದಿದ್ದೆ. ಪ್ರತಿ ಬಾಗಿಲದಾಗ ಒಬ್ಬ ಹೆಣ್ಣಮಗಳು ನಿಂತು ಉತ್ತರ ಹೇಳಿದ್ದಳು. ನಿನಗೇನು ಬೇಕವ್ವ ಅಂತ ಒಬ್ಬಾಕಿಗೂ ಕೇಳಿರಲಿಲ್ಲ. ಹಡಗ ಬ್ಯಾಡಾಗಿತ್ತು, ವರದಿ ಬ್ಯಾಡಾಗಿತ್ತು. ವೈನಿ ಒಂದು ಚೀಲ ತುಂಬಿಕೊಂಡು ಹೊಂಟಿದ್ರ ಸಾಕಿತ್ತು. ಅದಕ್ಕ ಅಡ್ಡ ಬಂದದ್ದು ಬಂದರೂ ಅಲ್ಲ, ಪರವಾನಿಗೀನೂ ಅಲ್ಲ. ನಾನು.

ವೀಸಾ, ಖೋಲಿ, ಫ್ಯಾಕ್ಟರಿಯ ರಜಾ ಎಲ್ಲಾ ಕೂಡಿ ಬರಾಕ ಒಂದು ತಿಂಗಳ ಹಿಡೀತು. ಎಲ್ಲಾ ವೈನೀನ ಓಡಾಡಿ ಮಾಡಿದ್ರು, ನನಗ ಒಂದು ಕಾಗದಾನೂ ಮುಟ್ಟಾಕ ಕೊಡಲಿಲ್ಲ. ವಿಮಾನ ನಿಲ್ದಾಣಕ್ಕ ಚೀಲ ಹೊತ್ತುಕೊಂಡು ಹೋಗೂದೊಂದು ನನ್ನ ಪಾಲಿಗೆ ಬಂತು. ಬಿಸಿಲಿನ್ಯಾಗೂ ಮಫ್ಲರ್ ಕೈಚೀಲದ ಮ್ಯಾಲ ಮಡಚಿ ಇಟ್ಟುಕೊಂಡಿದ್ರು. ಜನ್ಮದಾಗ ಮೊದಲನೇ ಸಲ ವಿಮಾನ ಹತ್ತವರು, ಅಂಜಿಕಿ ಇರಬಹುದು ಅಂತ, "ಹೆದರಬ್ಯಾಡ್ರಿ ವೈನಿ" ಅಂದೆ. "ಹೆದರೂ ದಿನ ಮುಗದ್ವು" ಅಂತ ಒಳಗ ಹೋದ್ರು. ಹಿಂದ ತಿರುಗಿ ನೋಡಲಿಲ್ಲ.

ಸಂಜಿಕ ಫೋನ್ ಬಂತು. ಮೊದಲ ಅಣ್ಣನ ದನಿ ಕೇಳಿಸಿತು. ತಮ್ಮಾ ಅಂದಾಂವ ಫೋನ್ ವೈನಿಗೆ ಕೊಟ್ಟ.

"ಮುಟ್ಟಿದ್ರೇನ್ರಿ ವೈನಿ?"

"ಮುಟ್ಟಿದೆ. ಕಿಟಕಿಯೊಳಗ ಕೆಳಗ ಸಮುದ್ರ ಕಂಡ್ತು. ಮುಗಿಯೂದ ಇಲ್ಲ ಅನಿಸಿತು, ಅಷ್ಟರಾಗ ಇಳಿರಿ ಅಂದ್ರು. ನಾಲ್ಕು ತಾಸ್ರಿ. ಇವರು ಮನಿ ಬಿಟ್ಟು ನಾಲ್ಕು ವರ್ಷ ಆತು. ದಾರಿ ನಾಲ್ಕ ತಾಸಿಂದ ಇತ್ತೇನ್ರಿ?"

"ಹೌದ್ರಿ ವೈನಿ" ಅಂದೆ.